ವಿದ್ಯಾರ್ಥಿ ವಿಶ್ವೇಶ್ವರಯ್ಯನವರು

ನಮ್ಮ ಮಾಟುಂಗವು ವಿದ್ಯಾಸಂಸ್ಥೆಗಳ ನೆಲೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ಸ್ಮಾರಕವಾಗಿ 1887ರಲ್ಲಿ ಸ್ಥಾಪಿತವಾಗಿ, ಮೊದಲು ಭಾಯಖಳದಲ್ಲಿದ್ದು 1923ರಲ್ಲಿ ಇಲ್ಲಿಗೆ ಬಂದ ತಾಂತ್ರಿಕ ವಿದ್ಯಾಲಯವು ಇಂದು ವೀರಮಾತಾ ಜೀಜಾಬಾಯಿಯವರ ಹೆಸರನ್ನು ಹೊತ್ತು ವಿ.ಜೆ.ಟಿ.ಐ. ಎಂದು ಪ್ರಸಿದ್ಧವಾಗಿದೆ. ಅದರ ನೆರೆಯಲ್ಲಿಯೇ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಹುಟ್ಟಿ 1943ರಲ್ಲಿ ಮಾಟುಂಗಕ್ಕೆ ಬಂದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ಶಾಲೆಗೆ ಹೋಗುವಾಗ ಬರುವಾಗ ಈ ಕಟ್ಟಡಗಳನ್ನು ಕಂಡು, ತಾನೂ ಒಂದು ದಿನ ಇದರ ಒಳಗೆ ಕಾಲಿಡುವೆನೇ ಎಂದು ಯೋಚಿಸದ ವಿದ್ಯಾರ್ಥಿಯು ವಿರಳ.

ಈ ಆಸೆಯ ಬೆನ್ನಿಗೇ ಒಂದು ಚಿಂತೆಯೂ ಹುಟ್ಟುತ್ತದೆ. ಪಾಠ ಪರೀಕ್ಷೆಗಳಲ್ಲದೆ ಇನ್ನೇನನ್ನು ಮಾಡಬೇಕು? ಚರ್ಚಾಕೂಟಕ್ಕೆ ಸೇರಬೇಕೆ, ಸ್ಕೌಟ್ ದಳಕ್ಕೆ ಸೇರಬೇಕೆ, ಚಿತ್ರಕಲಾ ಪರೀಕ್ಷೆಗೆ ಕೂಡಬೇಕೆ? ನೆರೆಮನೆಯ ಹುಡುಗನು ನಾಲ್ಕು ತರಗತಿಗಳಿಗೆ ಹಣ ಕೊಟ್ಟು ಹೋಗುತ್ತಿರುವಾಗ, ಸಾಯಂಕಾಲ ಮನೆಯಲ್ಲಿ ತಮ್ಮ ತಂಗಿಯರಿಗೆ ಪಾಠ ಹೇಳಿಕೊಡುತ್ತಿರುವ ನಾನು ಹಿಂದೆ ಬಿದ್ದೆನೆ? ಇಂತಹ ಪ್ರಶ್ನೆಗಳಿಗೆ ಒಣ ಉಪದೇಶಕ್ಕಿಂತ ಒಂದು ಜೀವನಚರಿತ್ರೆಯು ಹೆಚ್ಚು ಸಮರ್ಪಕವಾದ ಉತ್ತರವನ್ನು ಕೊಡಬಲ್ಲದು. ಆದುದರಿಂದ ಕನ್ನಡಿಗರೆಲ್ಲರೂ ಗೌರವದಿಂದ ಸ್ಮರಿಸುವ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಸೆಯನ್ನೂ, ಅದರಿಂದ ಬೆಳೆದ ಅವರ ಮುಂದಿನ ಬಾಳನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಮುದ್ದೇನಹಳ್ಳಿಯಲ್ಲಿ 1860ರ ಸೆಪ್ಟೆಂಬರ್ 15ರಂದು ಜನಿಸಿದರು. ಅವರು ಹುಟ್ಟಿದ ವರ್ಷ 1861 ಎಂದು ಗಣಿಸುವವರೂ ಉಂಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಗೌರವವಿದ್ದಿತು, ಹಣವಿರಲಿಲ್ಲ. ಬಾಲಕನು ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮಾಡಿದನು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಮಗನ ಓದು ಅಲ್ಲಿಗೇ ನಿಲ್ಲಬಹುದಾಗಿದ್ದಿತು. ಆದರೆ ತಾಯಿಯು ಧೈರ್ಯಗುಂದಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಬಾಲಕನು 1875ರಲ್ಲಿ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಿದನು. ಅಲ್ಲಿಂದ ಮುಂದೆ ಸೆಂಟ್ರಲ್ ಕಾಲೇಜಿಗೆ ಪ್ರವೇಶವಾಯಿತು. ಆ ಕಾಲೇಜು ಆಗ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು.

ಕಾಲೇಜಿನ ಓದಿಗೆ ಬೇಕಾದ ಹಣವನ್ನು ವಿಶ್ವೇಶ್ವರಯ್ಯನವರು ತಾವೇ ಸಂಪಾದಿಸಬೇಕಾಯಿತು. ಬೆಂಗಳೂರಿನಲ್ಲಿದ್ದ ಒಂದು ಕೊಡಗಿನ ಕುಟುಂಬದವರ ಮಕ್ಕಳಿಗೆ ಪಾಠ ಹೇಳುವ ಕೆಲಸವು ಅವರಿಗೆ ದೊರಕಿತು. ಆ ಮನೆಯಲ್ಲಿಯೇ ಅವರ ವಾಸ, ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗಿ ಬರುವುದು, ಹಗಲು ಕಾಲೇಜು, ಉಳಿದ ಹೊತ್ತಿನಲ್ಲಿ ಮಕ್ಕಳ ಪಾಠ ಮತ್ತು ತಮ್ಮ ಓದು. ಇಂದು ನಾವು ಪಠ್ಯೇತರ ಚಟುವಟಿಕೆ ಎಂದು ಕರೆಯುವುದೇನಾದರೂ ಅವರಿಗೆ ಇದ್ದಿತೆಂದರೆ, ಅದು ಈ ಪಾಠ ಹೇಳುವ ಕೆಲಸವೇ. ಅದನ್ನು ಅವರು ಪ್ರಶಸ್ತಿಪತ್ರಕ್ಕಾಗಿ ಆರಿಸಿಕೊಂಡವರಲ್ಲ. ಬಡತನವು ಅದನ್ನು ಅವರ ಮುಂದಿಟ್ಟಿತು.

ಆದರೂ ಅದರಿಂದ ಅವರಿಗೆ ದೊರೆತ ಲಾಭವನ್ನು ಗಮನಿಸಬೇಕು. ಒಂದು ಲೆಕ್ಕವನ್ನು ತಾನು ಬಿಡಿಸುವುದು ಒಂದು ಮಾತು. ಅದನ್ನು ಮತ್ತೊಬ್ಬನಿಗೆ ತಿಳಿಯುವಂತೆ ಹೇಳುವುದು ಬೇರೆಯೇ ಮಾತು. ಹೇಳಹೊರಟಾಗ ನಮ್ಮ ತಿಳಿವಿನಲ್ಲಿರುವ ಬಿರುಕುಗಳೆಲ್ಲ ನಮಗೇ ಕಾಣತೊಡಗುತ್ತವೆ. ವಿಷಯವನ್ನು ಹಂತಹಂತವಾಗಿ ಜೋಡಿಸಿಕೊಳ್ಳದೆ ಕಲಿಸಲು ಸಾಧ್ಯವಿಲ್ಲ. ಮುಂದೆ ದೊಡ್ಡ ದೊಡ್ಡ ಯೋಜನೆಗಳ ವರದಿಗಳನ್ನು ಬರೆಯುವಾಗ, ಸಮಿತಿಗಳಲ್ಲಿ ಕುಳಿತು ಎದುರು ಪಕ್ಷದವರನ್ನು ಒಪ್ಪಿಸುವಾಗ, ಅವರಲ್ಲಿ ಕಂಡುಬಂದ ಸ್ಪಷ್ಟತೆಗೆ ಈ ಎಳೆಯ ವಯಸ್ಸಿನ ಅಭ್ಯಾಸವೂ ಒಂದು ಬುನಾದಿಯಾಗಿದ್ದಿರಬೇಕು. ಇನ್ನೊಂದು ಲಾಭವು ಕಾಲನಿಯಮ. ಎರಡು ಮನೆ, ಒಂದು ಕಾಲೇಜು, ಇವುಗಳ ನಡುವೆ ನಡೆದಾಡುವ ಹುಡುಗನಿಗೆ ಹೊತ್ತನ್ನು ಅಳೆದು ಬಳಸದೆ ಗತ್ಯಂತರವಿರಲಿಲ್ಲ. ಮುಂದೆ ಯಾವ ಸಮಯಪಾಲನೆಗಾಗಿ ಅವರು ದೇಶಕ್ಕೆಲ್ಲ ಹೆಸರಾದರೋ ಅದರ ಮೊದಲ ಪಾಠವು ಇಲ್ಲಿ ನಡೆಯಿತು.

ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬುವರು ಈ ಬಡ ವಿದ್ಯಾರ್ಥಿಯ ಬುದ್ಧಿಯನ್ನೂ ಶ್ರಮವನ್ನೂ ಗುರುತಿಸಿದರು. ಗಣಿತದಲ್ಲಿ ಅವನಿಗಿದ್ದ ಆಸಕ್ತಿಯನ್ನು ಕಂಡು ವಿಶೇಷ ಪ್ರೀತಿಯನ್ನು ತೋರಿದರು. ತಮ್ಮಲ್ಲಿದ್ದ ವೆಬ್‌ಸ್ಟರ್ ನಿಘಂಟನ್ನು ಅವನಿಗೆ ಬಹುಮಾನವಾಗಿ ಕೊಟ್ಟರು. ಬಹುಕಾಲದ ಮೇಲೆ ತಮ್ಮ ಮರಣಶಾಸನದಲ್ಲಿ ಈ ಶಿಷ್ಯನಿಗಾಗಿ ಚಿನ್ನದ ಗುಂಡಿಗಳನ್ನು ಬಿಟ್ಟುಹೋದರೆಂದರೆ ಗುರುಶಿಷ್ಯರ ನಡುವಿನ ಬಾಂಧವ್ಯವು ಎಂತಹುದೆಂಬುದನ್ನು ಊಹಿಸಿಕೊಳ್ಳಬಹುದು. ವಿದ್ಯಾರ್ಥಿಯೊಬ್ಬನು ದಿನದಿನವೂ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಹತ್ತಿರದಿಂದ ಕಂಡ ಗುರುವಿನ ವಿಶ್ವಾಸಕ್ಕಿಂತ ದೊಡ್ಡ ಸಂಪಾದನೆಯು ಅವನಿಗೆ ಮತ್ತೊಂದಿಲ್ಲ.

1881ರ ಹೊತ್ತಿಗೆ ವಿಶ್ವೇಶ್ವರಯ್ಯನವರು ಬಿ.ಎ. ಪದವಿಯನ್ನು ಪಡೆದರು. ಮುಂದೇನು ಎಂಬ ಪ್ರಶ್ನೆಯು ಎದುರಾಯಿತು. ಆ ಕಾಲಕ್ಕೆ ಪದವೀಧರನಿಗೆ ಸರ್ಕಾರದ ಕಚೇರಿಯಲ್ಲಿ ಕೆಲಸ ಸಿಕ್ಕುವುದು ದುರ್ಲಭವಾಗಿರಲಿಲ್ಲ. ವಿಧವೆಯಾದ ತಾಯಿಗೆ ಆಸರೆಯಾಗಬೇಕಾದ ಮಗನು ಆ ದಾರಿಯನ್ನು ಹಿಡಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರ ಮನಸ್ಸು ಇಂಜಿನಿಯರಿಂಗ್ ವಿದ್ಯೆಯ ಕಡೆಗೆ ಹರಿಯಿತು. ಆದರೆ ಮೈಸೂರು ಸಂಸ್ಥಾನದಲ್ಲಿ ಆ ವಿದ್ಯೆಯನ್ನು ಕಲಿಸುವ ಕಾಲೇಜೇ ಇರಲಿಲ್ಲ. ಪುಣೆಯ ಸೈನ್ಸ್ ಕಾಲೇಜಿಗೆ ಹೋಗಬೇಕು. ಪರಸ್ಥಳದ ವಾಸ, ಅಪರಿಚಿತ ಭಾಷೆ, ವರ್ಷಗಟ್ಟಲೆ ವೆಚ್ಚ.

ಅದೇ 1881ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಯಿಂದ ಚಾಮರಾಜೇಂದ್ರ ಒಡೆಯರವರಿಗೆ ಮರಳಿ, ರಂಗಾಚಾರ್ಲು ಅವರು ದಿವಾನರಾಗಿದ್ದರು. ಹೊಸದಾಗಿ ತನ್ನ ಕಾಲಿನ ಮೇಲೆ ನಿಲ್ಲಲು ಹೊರಟ ಸಂಸ್ಥಾನಕ್ಕೆ ಕೆರೆಕಾಲುವೆಗಳನ್ನೂ ರಸ್ತೆಗಳನ್ನೂ ನೋಡಿಕೊಳ್ಳಬಲ್ಲ ಸ್ವದೇಶೀ ಇಂಜಿನಿಯರುಗಳ ಅಗತ್ಯವಿದ್ದಿತು. ವಾಟರ್ಸರ ಬೆಂಬಲದಿಂದ ವಿಶ್ವೇಶ್ವರಯ್ಯನವರ ವಿಷಯವು ದಿವಾನರ ಗಮನಕ್ಕೆ ಬಂದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಮಂಜೂರಾಯಿತು. ತಂದೆಯಿಲ್ಲದ ಹುಡುಗನಿಗೆ ಪುಣೆಯ ದಾರಿಯು ತೆರೆಯಿತು.

ಪುಣೆಯ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು. ಅಲ್ಲಿ ಅವರು ಏಕಾಗ್ರಚಿತ್ತದಿಂದ ವ್ಯಾಸಂಗ ಮಾಡಿ, 1883ರಲ್ಲಿ ಎಲ್.ಸಿ.ಇ. ಹಾಗೂ ಎಫ್.ಸಿ.ಇ. ಪರೀಕ್ಷೆಗಳಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು. ಜೇಮ್ಸ್ ಬರ್ಕ್ಲಿ ಬಹುಮಾನವೂ ಅವರಿಗೆ ಸಂದಿತು. ಆ ಬಹುಮಾನದ ಹೆಸರಿಗೂ ನಮ್ಮ ಊರಿಗೂ ಒಂದು ನಂಟಿದೆ. ಬರ್ಕ್ಲಿಯು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮೊದಲ ಮುಖ್ಯ ಇಂಜಿನಿಯರನು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ದೂರ ಓಡಿದ ಭಾರತದ ಮೊದಲ ಪ್ರಯಾಣಿಕ ರೈಲಿನ ಮಾರ್ಗವನ್ನು ನಿರ್ಮಿಸಿದವನು ಅವನೇ. ಇಂದು ಮಾಟುಂಗ ನಿಲ್ದಾಣದ ಮೂಲಕ ಹಾದುಹೋಗುವುದು ಅದೇ ಮಾರ್ಗ.

ಪರೀಕ್ಷೆಯ ಫಲವಾಗಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅವರಿಗೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಯು ದೊರೆಯಿತು. 1884ರಲ್ಲಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಖಾನದೇಶದ ಧುಳೆ ಪ್ರಾಂತದಲ್ಲಿ ಪಾಂಜರಾ ನದಿಯನ್ನು ದಾಟಿಸಿ ನೀರನ್ನು ಕೊಂಡೊಯ್ಯುವ ಕೊಳವೆಯ ನಿರ್ಮಾಣವು ಅವರಿಗೆ ಬಂದ ಮೊದಲ ಕಠಿಣ ಕೆಲಸಗಳಲ್ಲೊಂದು. ಮಳೆಗಾಲದ ಪ್ರವಾಹವು ಕೆಲಸಕ್ಕೆ ಮತ್ತೆ ಮತ್ತೆ ಅಡ್ಡಿಯಾಯಿತು. ಆದರೂ ಅದನ್ನು ಅವರು ಪೂರೈಸಿದರು. ಪುಸ್ತಕದಲ್ಲಿ ಓದಿದ ನದಿಗೂ ಎದುರಿಗೆ ಮೊರೆಯುವ ನದಿಗೂ ಇರುವ ಅಂತರವನ್ನು ಅವರು ಅಲ್ಲಿ ಕಂಡುಕೊಂಡಿರಬೇಕು.

ಉದ್ಯೋಗಕ್ಕೆ ಸೇರಿದ ಮೇಲೂ ಅವರು ಕಚೇರಿಯ ಕೆಲಸವಷ್ಟರಿಂದಲೇ ತೃಪ್ತರಾಗಿ ಕೂಡಲಿಲ್ಲ. ಪುಣೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಒಡನಾಟವು ಅವರಿಗೆ ಲಭಿಸಿತು; ಗೋಪಾಲಕೃಷ್ಣ ಗೋಖಲೆಯವರ ಪರಿಚಯವಾಯಿತು. ವಿದ್ಯಾವಂತರು ಕಲೆತು ವಿಚಾರವಿನಿಮಯ ಮಾಡತಕ್ಕ ಡೆಕ್ಕನ್ ಕ್ಲಬ್ಬನ್ನು ಕಟ್ಟಲು ಅವರು ನೆರವಾದರು. 1898ರಲ್ಲಿ ರಜೆಯನ್ನು ಪಡೆದು ಜಪಾನಿಗೆ ಹೋಗಿ, ಆ ದೇಶವು ಅಲ್ಪಕಾಲದಲ್ಲಿ ಮುಂದೆ ಬಂದ ಬಗೆಯನ್ನು, ಮುಖ್ಯವಾಗಿ ಅಲ್ಲಿನ ಶಿಕ್ಷಣವನ್ನು ಮತ್ತು ಕೈಗಾರಿಕೆಗಳನ್ನು, ಕಣ್ಣಾರೆ ಕಂಡರು. ವಿಶ್ರಾಂತಿಗೆಂದು ದೊರೆತ ದಿನಗಳನ್ನು ಹೀಗೆ ವಿದ್ಯಾರ್ಜನೆಗೆ ವಿನಿಯೋಗಿಸಿದುದರ ಫಲವನ್ನು ಮುಂದೆ ಮೈಸೂರು ಸೀಮೆಯು ಉಂಡಿತು.

ಮುಂಬಯಿ ಇಲಾಖೆಯಲ್ಲಿ ಅವರು ಮಾಡಿದ ಕೆಲಸಗಳು ಅನೇಕ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಿಂಧದ ಸಕ್ಕರ್ ಪಟ್ಟಣಕ್ಕೆ ಶುದ್ಧವಾದ ನೀರನ್ನು ಒದಗಿಸಬೇಕಾಗಿದ್ದಿತು. ಸಿಂಧೂ ನದಿಯ ನೀರು ಕೆಸರಿನಿಂದ ತುಂಬಿರುತ್ತಿತ್ತು. ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿ, ಮರಳಿನ ಮೂಲಕ ಸೋಸಿ ಬಂದ ನೀರನ್ನು ಮೇಲಕ್ಕೆತ್ತಿ ಊರಿಗೆ ಹಂಚುವ ವ್ಯವಸ್ಥೆಯು 1895ರಲ್ಲಿ ಸಿದ್ಧವಾಯಿತು. ಪುಣೆಯ ಬಳಿಯ ಖಡಕವಾಸಲದ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಅಳವಡಿಸಲ್ಪಟ್ಟವು. ಪ್ರವಾಹವು ಒಂದು ಮಟ್ಟಕ್ಕೆ ಏರಿದೊಡನೆ ತಾವಾಗಿಯೇ ತೆರೆದು, ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸುವುದು ಸಾಧ್ಯವಾಯಿತು. ನಾಲೆಯ ನೀರನ್ನು ರೈತರ ಜಮೀನುಗಳಿಗೆ ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯೂ ಅವರದೇ ಯೋಜನೆ. 1884ರಿಂದ 1908ರವರೆಗೆ, ಹೆಚ್ಚು ಕಡಮೆ 24 ವರ್ಷಗಳ ಕಾಲ, ಅವರು ಮರಾಠಿ, ಗುಜರಾತಿ, ಸಿಂಧಿ ಭಾಷೆಗಳ ಪ್ರದೇಶಗಳಲ್ಲಿ ಸೇವೆ ಸಲ್ಲಿಸಿದರು. ಪರಪ್ರಾಂತದಲ್ಲಿ ಬಾಳುತ್ತ ಆ ಪ್ರಾಂತಕ್ಕೆ ಉಪಯುಕ್ತರಾಗುವ ಬಗೆಯನ್ನು ಮುಂಬಯಿಯ ಕನ್ನಡಿಗರಾದ ನಾವು ಅವರಿಂದ ಕಲಿಯಬೇಕಾಗಿದೆ.

1908ರಲ್ಲಿ ಮೂಸೀ ನದಿಯ ಭೀಕರ ಪ್ರವಾಹದಿಂದ ಹೈದರಾಬಾದು ನಗರವು ತತ್ತರಿಸಿದಾಗ, ನಿಜಾಮ ಸರ್ಕಾರವು ಅವರ ನೆರವನ್ನು ಕೋರಿತು. ಪ್ರವಾಹ ನಿವಾರಣೆಯ ಯೋಜನೆಯನ್ನು ಸಿದ್ಧಪಡಿಸಿಕೊಟ್ಟ ನಂತರ, 1909ರಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರ್ ಹುದ್ದೆಯನ್ನು ವಹಿಸಿಕೊಂಡರು. ವಿದ್ಯಾರ್ಥಿವೇತನವನ್ನು ಕೊಟ್ಟು ಕಳುಹಿದ್ದ ಸಂಸ್ಥಾನಕ್ಕೆ ಮರಳಿ ಬಂದರು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ಆರಂಭವಾಯಿತು. 1912ರಿಂದ 1918ರವರೆಗೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರವರ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿತವಾದುದು ಈ ಅವಧಿಯಲ್ಲಿಯೇ.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಂಬಂಧಪಟ್ಟದ್ದು 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು. ತಮ್ಮ ತಾರುಣ್ಯದಲ್ಲಿ ಈ ವಿದ್ಯೆಗಾಗಿ ಪುಣೆಯವರೆಗೆ ಹೋಗಬೇಕಾಗಿ ಬಂದ ಕಷ್ಟವನ್ನು ಅವರು ಮರೆತಿರಲಿಲ್ಲ. ವಾಟರ್ಸರಂತಹ ಗುರುವಾಗಲಿ, ರಂಗಾಚಾರ್ಲು ಅವರಂತಹ ದಿವಾನರಾಗಲಿ ಎಲ್ಲ ಬಡ ವಿದ್ಯಾರ್ಥಿಗಳಿಗೂ ದೊರೆಯುವುದಿಲ್ಲ. ತಾನು ಒಳಹೊಕ್ಕ ಬಾಗಿಲನ್ನು ಹಿಂದೆ ಬರುವವರಿಗಾಗಿ ಅಗಲ ಮಾಡುವುದು ಕೃತಜ್ಞತೆಯ ಅತ್ಯುತ್ತಮ ರೂಪ. ಆ ಕಾಲೇಜು ಇಂದು ಅವರದೇ ಹೆಸರಿನಲ್ಲಿ ನಡೆಯುತ್ತಿದೆ.

ದಿವಾನಗಿರಿಯಿಂದ ಬಿಡುಗಡೆ ಹೊಂದಿದ ಬಳಿಕ ಮುಂಬಯಿ ಸರ್ಕಾರವು 1921ರಲ್ಲಿ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣವನ್ನು ಕುರಿತು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು. ಸಮಿತಿಯಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಿದರೂ, ದೇಶದ ತರುಣರಿಗೆ ಉನ್ನತ ತಾಂತ್ರಿಕ ಶಿಕ್ಷಣವು ದೇಶದಲ್ಲಿಯೇ ದೊರೆಯಬೇಕೆಂಬ ತಮ್ಮ ನಿಲುವನ್ನು ಅವರು ಸಡಿಲಿಸಲಿಲ್ಲ. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು ದುಡಿದರು; 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಸೂಚಿಸುವ ಗ್ರಂಥವನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. 1960ರಲ್ಲಿ ಅವರ ಜನ್ಮಶತಮಾನೋತ್ಸವದ ನೆನಪಿಗಾಗಿ ಅವರು ಬದುಕಿರುವಾಗಲೇ ಅಂಚೆಚೀಟಿಯು ಹೊರಬಂದಿತು. 1962ರ ಏಪ್ರಿಲ್ ತಿಂಗಳಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಮಾಟುಂಗದ ಪಶ್ಚಿಮ ಭಾಗದಲ್ಲಿರುವ ಕರ್ನಾಟಕ ಸಂಘದ ಮಂದಿರಕ್ಕೂ ಅವರದೇ ಹೆಸರು. ನಾಟಕಕ್ಕೂ ಸಭೆಗಳಿಗೂ ಅಲ್ಲಿಗೆ ಹೋಗುವಾಗ ಆ ಹೆಸರಿನ ಹಿಂದಿರುವ ಬಾಳನ್ನು ನಾವು ನೆನೆಯಬೇಕು.

ವಿದ್ಯಾರ್ಥಿಮಿತ್ರರೇ, ಈ ಚರಿತ್ರೆಯಿಂದ ನಮ್ಮ ಪ್ರಶ್ನೆಗೆ ದೊರೆಯುವ ಉತ್ತರವೇನು? ಅಂದಿಗೂ ಇಂದಿಗೂ ವ್ಯತ್ಯಾಸವುಂಟು. ಇಂದು ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗ್ ಪ್ರವೇಶವು ಮುಖ್ಯವಾಗಿ ಸಿ.ಇ.ಟಿ. ಮೊದಲಾದ ಪ್ರವೇಶಪರೀಕ್ಷೆಗಳ ಅಂಕಗಳನ್ನೂ, ವೈದ್ಯಕೀಯ ಪ್ರವೇಶವು ನೀಟ್ ಪರೀಕ್ಷೆಯ ಅಂಕಗಳನ್ನೂ ಅವಲಂಬಿಸಿದೆ. ಪ್ರಿನ್ಸಿಪಾಲರ ಶಿಫಾರಸಿನಿಂದ ಸ್ಥಾನ ದೊರೆಯುವುದಿಲ್ಲ. ಪ್ರಶಸ್ತಿಪತ್ರಗಳ ಕಟ್ಟಿನಿಂದಲೂ ದೊರೆಯುವುದಿಲ್ಲ. ಆದುದರಿಂದ ಪ್ರವೇಶದ ಆಸೆಯಿಂದ ಹತ್ತು ಚಟುವಟಿಕೆಗಳಿಗೆ ಹೆಸರು ಕೊಟ್ಟು ಯಾವುದರಲ್ಲಿಯೂ ನೆಲೆ ನಿಲ್ಲದವನು ಓದಿನ ಹೊತ್ತನ್ನೂ ಕಳೆದುಕೊಳ್ಳುತ್ತಾನೆ, ಚಟುವಟಿಕೆಯ ಸಾರವನ್ನೂ ಕಳೆದುಕೊಳ್ಳುತ್ತಾನೆ. ಹಾಗೆಂದು ಪುಸ್ತಕವೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟದವನೂ ಜಾಣನಲ್ಲ. ಕಾಲೇಜಿನ ಬಾಗಿಲನ್ನು ಪರೀಕ್ಷೆಯು ತೆರೆಯಬಹುದು. ಒಳಗೆ ಹೋದ ಮೇಲೆ ನಡೆಯಲು ಬೇಕಾದ ಕಾಲುಗಳನ್ನು ನಾವೇ ಬಲಪಡಿಸಿಕೊಂಡಿರಬೇಕು.

ಆಯ್ಕೆಯನ್ನು ಮಾಡುವಾಗ, ನಾನು ಕೈಕೊಳ್ಳಲಿರುವ ವೃತ್ತಿಯು ಯಾವ ಶಕ್ತಿಯನ್ನು ಬೇಡುತ್ತದೆಂದು ಮೊದಲು ಕೇಳಿಕೊಳ್ಳಬೇಕು. ಇಂಜಿನಿಯರನಿಗೂ ವಾಸ್ತುಶಿಲ್ಪಿಗೂ ಕಣ್ಣಿನ ಅಳತೆ, ಕೈಯ ನೇರ್ಪು ಬೇಕು. ಅಂಥವನಿಗೆ ಚಿತ್ರಕಲೆಯು ಉತ್ತಮ ಸಂಗಾತಿ. ನಮ್ಮ ರಾಜ್ಯದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಶಾಲೆಯ ಮಕ್ಕಳಿಗಾಗಿಯೇ ಇವೆ. ವೈದ್ಯನಾಗಬಯಸುವವನಿಗೆ ಪ್ರಥಮ ಚಿಕಿತ್ಸೆಯ ಶಿಕ್ಷಣ, ಸ್ಕೌಟ್ ಮತ್ತು ಗೈಡ್ ದಳಗಳ ಸೇವೆ, ನೋವಿನಲ್ಲಿರುವವರ ಬಳಿ ತಾಳ್ಮೆಯಿಂದ ನಿಲ್ಲುವುದನ್ನು ಕಲಿಸುತ್ತವೆ. ನ್ಯಾಯವಾದಿಯಾಗುವವನಿಗೆ ಚರ್ಚಾಕೂಟವು ಎದುರಾಳಿಯ ಮಾತನ್ನು ಕೇಳುವ ಸಹನೆಯನ್ನು ಕೊಡುತ್ತದೆ. ಒಂದನ್ನೋ ಎರಡನ್ನೋ ಆರಿಸಿಕೊಂಡು ವರ್ಷಗಳ ಕಾಲ ಬಿಡದೆ ನಡೆಸಬೇಕು. ವಾರದಲ್ಲಿ ಅದಕ್ಕಾಗಿ ಇಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿ, ಪಾಠದ ಹೊತ್ತಿಗೆ ಅದು ಕೈಹಾಕದಂತೆ ನೋಡಿಕೊಳ್ಳಬೇಕು.

ಮನೆಯ ಪರಿಸ್ಥಿತಿಯಿಂದಾಗಿ ಯಾವ ಕೂಟಕ್ಕೂ ಸೇರಲಾರದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿಯೂ ಇದ್ದಾನೆ. ಬೆಳಗ್ಗೆ ಪತ್ರಿಕೆಯನ್ನು ಹಂಚುವವನು, ಹೋಟೆಲಿನಲ್ಲಿಯೋ ಅಂಗಡಿಯಲ್ಲಿಯೋ ತಂದೆಗೆ ಲೆಕ್ಕದಲ್ಲಿ ನೆರವಾಗುವವನು, ಕೆಳಗಿನ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು ಇವರೆಲ್ಲರೂ ತಾವು ಹಿಂದೆ ಬಿದ್ದೆವೆಂದು ಕೊರಗಬೇಕಾಗಿಲ್ಲ. ಅವರು ಮಾಡುತ್ತಿರುವುದೂ ಶಿಕ್ಷಣವೇ. ಹೊಣೆಯನ್ನು ಅರಿತು, ಹೊತ್ತಿಗೆ ಸರಿಯಾಗಿ, ಶುಚಿಯಾಗಿ ಮಾಡಿದರೆ ಅದು ಯಾವ ಕೂಟದ ತರಬೇತಿಗೂ ಕಡಮೆಯಲ್ಲ. ಕೊಡಗಿನವರ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಆ ಬಡ ತರುಣನೇ ಮುಂದೆ ಸಿಂಧೂ ನದಿಯ ನೀರನ್ನು ಸೋಸಿದನು, ಕಾವೇರಿಯನ್ನು ನಿಲ್ಲಿಸಿದನು, ತನ್ನಂತಹ ನೂರಾರು ವಿದ್ಯಾರ್ಥಿಗಳಿಗಾಗಿ ಕಾಲೇಜನ್ನು ಕಟ್ಟಿದನು. ಕೈಗೆ ಬಂದ ಸಣ್ಣ ಕೆಲಸವನ್ನು ಅವರು ಹೇಗೆ ಮಾಡಿದರೋ ಹಾಗೆ ನಾವೂ ನಮ್ಮ ನಮ್ಮ ಕೆಲಸವನ್ನು ಮಾಡೋಣ. ಅವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಗೌರವವು ಅದೇ.